ಡಾ. ವಿಠ್ಠಲ ನಾಗೇಶ ಶಿರೋಡಕರ (1899–1971)

ಪ್ರಸಿದ್ಧ ಪ್ರಸೂತಿ ಹಾಗೂ ಸ್ತ್ರೀರೋಗ ತಜ್ಞರಾದ ಡಾ. ಶಿರೋಡಕರ ಅವರು 1899ರಲ್ಲಿ ಗೋವಾದ ಶಿರೋಡಾ ಗ್ರಾಮದಲ್ಲಿ ಜನಿಸಿದರು. ಹುಬ್ಬಳ್ಳಿಯಲ್ಲಿ ಆರಂಭಿಕ ವಿದ್ಯಾಭ್ಯಾಸ ಮುಗಿಸಿ, 1923ರಲ್ಲಿ ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜಿನಿಂದ ಎಂ.ಬಿ.ಬಿ.ಎಸ್., 1931ರಲ್ಲಿ ಇಂಗ್ಲೆಂಡಿನಲ್ಲಿ ಎಫ್.ಆರ್.ಸಿ.ಎಸ್. ಪದವಿ ಪಡೆದರು. ಬಳಿಕ ಗ್ರಾಂಟ್ ಕಾಲೇಜಿನಲ್ಲಿಯೇ ಪ್ರಾಧ್ಯಾಪಕರಾಗಿ ಸೇವೆ ಸಲ್ಲಿಸಿದರು.

ಹೆರಿಗೆಯ ನಂತರ ಗರ್ಭಕೋಶ ಜಾರಿದ ಮಹಿಳೆಯರಿಗೆ ಆಗ ಮಾಡಲಾಗುತ್ತಿದ್ದ ಮ್ಯಾಂಚೆಸ್ಟರ್ ಶಸ್ತ್ರಚಿಕಿತ್ಸೆಯಲ್ಲಿ ಗರ್ಭಕೋಶದ ಕೊರಳನ್ನು ಕತ್ತರಿಸಿ ತೆಗೆಯಲಾಗುತ್ತಿತ್ತು. ಇದರಿಂದ ಮುಂದಿನ ಬಸಿರಿನಲ್ಲಿ ಗರ್ಭಪಾತ, ಅವಧಿಪೂರ್ವ ಹೆರಿಗೆ ಹಾಗೂ ಕಷ್ಟದ ಹೆರಿಗೆಯ ಭಯವಿತ್ತು. ಡಾ. ಶಿರೋಡಕರ ಅವರು ಕೊರಳನ್ನು ಉಳಿಸಿಕೊಂಡು, ಗರ್ಭಕೋಶವನ್ನು ಹಿಡಿದಿಡುವ ಕಟ್ಟುಗಳನ್ನು ಬಿಗಿಗೊಳಿಸುವ ವಿಧಾನವನ್ನು ರೂಪಿಸಿದರು. ಕಟ್ಟುಗಳೇ ದುರ್ಬಲವಾಗಿದ್ದ ಕಿರಿಯ ವಯಸ್ಸಿನವರಿಗೆ, ತೊಡೆಯ ಗಟ್ಟಿ ಪೊರೆಯಿಂದ ತೆಗೆದ ಪಟ್ಟಿಯ ಮೂಲಕ ಗರ್ಭಕೋಶವನ್ನು ಬೆನ್ನೆಲುಬಿನ ಕೆಳಭಾಗಕ್ಕೆ ಬಂಧಿಸಿದರು. ಹೀಗಾಗಿ ಇಂತಹ ಮಹಿಳೆಯರು ಮತ್ತೆ ತಾಯಿಯಾಗುವುದು ಸಾಧ್ಯವಾಯಿತು. ಗರ್ಭಪಾತ ತಡೆಯಲು ಅವರು 1955ರಲ್ಲಿ ಪ್ರಕಟಿಸಿದ ಗರ್ಭಕಂಠದ ಹೊಲಿಗೆಯು ಇಂದಿಗೂ ವಿಶ್ವದಾದ್ಯಂತ ಅವರ ಹೆಸರಿನಲ್ಲಿಯೇ ಇದೆ. 1960ರಲ್ಲಿ ಪದ್ಮಭೂಷಣ, 1971ರಲ್ಲಿ ಪದ್ಮವಿಭೂಷಣ ಪುರಸ್ಕೃತರಾದ ಅವರು 1971ರ ಮಾರ್ಚ್ 7ರಂದು ನಿಧನ ಹೊಂದಿದರು.

ಗರ್ಭಕೋಶ ಜಾರಿದ ಅಥವಾ ಅದಕ್ಕಾಗಿ ಶಸ್ತ್ರಚಿಕಿತ್ಸೆಯಾಗಿರುವ ಮಹಿಳೆಯರು ಪುನಃ ಗರ್ಭಿಣಿಯಾದಲ್ಲಿ, ಸಂಕೋಚವಿಲ್ಲದೆ ನೋಂದಣಿ ಸಮಯದಲ್ಲಿಯೇ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತಿಳಿಸಿ, ಹಿಂದಿನ ಚಿಕಿತ್ಸೆಯ ದಾಖಲೆಗಳನ್ನು ಹಾಜರುಪಡಿಸಬೇಕು. ತಜ್ಞರಿರುವ ಆಸ್ಪತ್ರೆಯಲ್ಲಿಯೇ ಹೆರಿಗೆ ಮಾಡಿಸಿಕೊಳ್ಳುವುದು ತಾಯಿ ಮತ್ತು ಮಗುವಿಗೆ ಸುರಕ್ಷಿತ.