ಎ. ಕೆ. ರಾಮಾನುಜನ್‌ರವರ ವಿದ್ಯಾಯಾತ್ರೆ

ಹಿಡಿದ ವ್ಯಾಸಂಗವನ್ನು ನಡುವೆ ಬಿಟ್ಟು ಬೇರೊಂದನ್ನು ಹಿಡಿದವರನ್ನು ಸ್ಥಿರಬುದ್ಧಿಯಿಲ್ಲದವರೆಂದು ಎಣಿಸುವುದು ನಮ್ಮಲ್ಲಿ ವಾಡಿಕೆ. ಹಾಗೆ ವಿಷಯವನ್ನು ಬದಲಾಯಿಸಿದ ಮಗಳು ಪರದೇಶಕ್ಕೆ ಹೋಗಿ ಓದಬೇಕೆಂದು ಬಯಸಿದಳೆಂದರೆ ತಂದೆತಾಯಿಗಳ ಚಿಂತೆಯು ಇಮ್ಮಡಿಯಾಗುವುದು. ಅಲ್ಲಿಯ ವಿಶ್ವವಿದ್ಯಾನಿಲಯವು ಒಪ್ಪೀತೆ? ಅದು ಒಪ್ಪಿದರೂ, ವೀಸಾ ಕೊಡುವ ಅಧಿಕಾರಿಯು ಈ ಬದಲಾವಣೆಯು ಏಕೆಂದು ಕೇಳಿದಲ್ಲಿ ಹೇಳುವುದೇನು? ಇಂತಹ ಚಿಂತೆಯುಳ್ಳವರಿಗಾಗಿ, ನಮ್ಮ ಮೈಸೂರಿನಲ್ಲಿಯೇ ಹುಟ್ಟಿ, ಎರಡು ಬಾರಿ ವ್ಯಾಸಂಗದ ದಾರಿಯನ್ನು ಬದಲಿಸಿ, ಕಡಲಾಚೆಗೆ ಹೋಗಿ ಕೀರ್ತಿಯನ್ನು ಪಡೆದ ಮಹನೀಯರೊಬ್ಬರ ಚರಿತ್ರೆಯನ್ನು ನಾವು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಅತ್ತಿಪಟ್ ಕೃಷ್ಣಸ್ವಾಮಿ ರಾಮಾನುಜನ್‌ರವರು 1929ನೆಯ ಇಸವಿ ಮಾರ್ಚಿ 16ರಂದು ಮೈಸೂರು ನಗರದಲ್ಲಿ ಜನ್ಮವೆತ್ತಿದರು. ಇವರದು ತಮಿಳು ಮಾತೃಭಾಷೆಯ ಶ್ರೀವೈಷ್ಣವ ಮನೆತನ. ತಂದೆಯವರು ಗಣಿತಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಖಗೋಳಶಾಸ್ತ್ರದಲ್ಲಿಯೂ ಜ್ಯೋತಿಷ್ಯದಲ್ಲಿಯೂ ಆಸಕ್ತರು. ತಂದೆಯವರೊಡನೆ ಆಂಗ್ಲ ಭಾಷೆ, ತಾಯಿಯವರೊಡನೆ ತಮಿಳು, ಬೀದಿಯ ಗೆಳೆಯರೊಡನೆ ಕನ್ನಡ, ಹೀಗೆ ಮೂರು ನುಡಿಗಳ ನಡುವೆ ಬಾಲಕನು ಬೆಳೆದನು. ಅಡಿಗೆಯ ಮನೆಯಲ್ಲಿ ಹೆಂಗಸರು ಹೇಳುತ್ತಿದ್ದ ಕತೆಗಳು ಆ ಎಳೆಯ ಕಿವಿಯಲ್ಲಿ ನಿಂತವು.

ಕಾಲೇಜನ್ನು ಸೇರಿದಾಗ ರಾಮಾನುಜನ್‌ರವರು ಆರಿಸಿಕೊಂಡದ್ದು ವಿಜ್ಞಾನವನ್ನು. ಆದರೆ ಮಗನ ಬುದ್ಧಿಯು ಗಣಿತದ ಕಡೆಗೆ ಒಲಿದುದಲ್ಲವೆಂಬುದನ್ನು ತಂದೆಯವರು ಮೊದಲನೆಯ ವರ್ಷದಲ್ಲಿಯೇ ಕಂಡುಕೊಂಡರು. ತಾವೇ ಗಣಿತದ ಪ್ರಾಧ್ಯಾಪಕರಾಗಿದ್ದರೂ, ತಮ್ಮ ಶಾಸ್ತ್ರವನ್ನೇ ಮಗನು ಕಲಿಯಬೇಕೆಂದು ಹಟಹಿಡಿಯದೆ, ಆಂಗ್ಲ ಸಾಹಿತ್ಯಕ್ಕೆ ಹೋಗೆಂದು ಅವರೇ ಮನವೊಲಿಸಿದರು. ತಂದೆತಾಯಿಗಳು ಈ ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕೆಂದು ನಾವು ಬೇಡುತ್ತೇವೆ. ಆ ಬದಲಾವಣೆಯು ವ್ಯರ್ಥವಾಗಲಿಲ್ಲ. ರಾಮಾನುಜನ್‌ರವರು ಮಹಾರಾಜ ಕಾಲೇಜಿನಲ್ಲಿ ಓದಿ, ಮೈಸೂರು ವಿಶ್ವವಿದ್ಯಾನಿಲಯದಿಂದ ಆಂಗ್ಲ ಸಾಹಿತ್ಯದಲ್ಲಿ ಆನರ್ಸ್ ಪದವಿಯನ್ನೂ, 1950ರಲ್ಲಿ ಎಂ.ಎ. ಪದವಿಯನ್ನೂ ಪಡೆದರು.

ಅನಂತರ ಅವರು ಕೊಲ್ಲಂ, ಮಧುರೆ, ಬೆಳಗಾವಿ, ಬರೋಡಗಳ ಕಾಲೇಜುಗಳಲ್ಲಿ ಆಂಗ್ಲ ಸಾಹಿತ್ಯದ ಅಧ್ಯಾಪಕರಾಗಿದ್ದರು. ಕಲಿಸುತ್ತಿದ್ದುದು ಆಂಗ್ಲವಾದರೂ ಮನಸ್ಸು ಕನ್ನಡದ ಜನರ ಮಾತಿನ ಕಡೆಗೆ ಹರಿಯಿತು. ಬೆಳಗಾವಿಯಲ್ಲಿದ್ದಾಗ ಜನಪದ ಕತೆಗಳನ್ನು ಸಂಗ್ರಹಿಸಿದರು; 1955ರಲ್ಲಿ ಗಾದೆಗಳ ಪುಸ್ತಕವನ್ನು ಹೊರತಂದರು. ಮಾತು ಹುಟ್ಟುವ ಬಗೆಯನ್ನು ಶಾಸ್ತ್ರವಾಗಿ ಅರಿಯಬೇಕೆಂಬ ಹಂಬಲವು ಬಲಿತು, 1958ರಲ್ಲಿ, ತಮ್ಮ ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಅವರು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾಶಾಸ್ತ್ರದ ವಿದ್ಯಾರ್ಥಿಯಾಗಿ ಕುಳಿತರು. ಹಲವು ವರ್ಷ ಪಾಠ ಹೇಳಿದವರು ಮರಳಿ ಪಾಠ ಕೇಳುವುದಕ್ಕೆ ನಾಚಲಿಲ್ಲ.

ಭಾರತಕ್ಕೂ ಅಮೆರಿಕಕ್ಕೂ 1950ರಲ್ಲಿ ಆದ ಒಪ್ಪಂದದ ಮೇರೆಗೆ ಫುಲ್‌ಬ್ರೈಟ್ ವಿದ್ಯಾರ್ಥಿವೇತನವು ನಮ್ಮವರಿಗೆ ದೊರೆಯತೊಡಗಿತ್ತು. ಆ ವೇತನವನ್ನು ಪಡೆದು ರಾಮಾನುಜನ್‌ರವರು 1959ರಲ್ಲಿ ಇಂಡಿಯಾನಾ ವಿಶ್ವವಿದ್ಯಾನಿಲಯಕ್ಕೆ ತೆರಳಿದರು. ಅಲ್ಲಿ ಅವರು ಪ್ರೌಢ ಪ್ರಬಂಧಕ್ಕೆ ಆರಿಸಿಕೊಂಡ ವಿಷಯವು ಯಾವುದೆಂದರೆ, ಕನ್ನಡದ ವ್ಯಾಕರಣ! ಮೈಸೂರಿನ ಬೀದಿಯಲ್ಲಿ ಕಲಿತ ನುಡಿಯೇ 1963ರಲ್ಲಿ ಅವರಿಗೆ ಡಾಕ್ಟರೇಟ್ ಪದವಿಯನ್ನು ತಂದಿತು. ದಾರಿ ಎರಡು ಬಾರಿ ತಿರುಗಿತ್ತು. ಆದರೆ ಮಾತಿನ ಮೇಲಣ ಮಮತೆ ಎಂಬ ಎಳೆಯು ಒಮ್ಮೆಯೂ ಕಡಿದಿರಲಿಲ್ಲ.

ಚಿಕಾಗೋ ವಿಶ್ವವಿದ್ಯಾನಿಲಯದ ಅಧ್ಯಾಪಕರಾದ ಮೇಲೆ ಅವರು ಪ್ರಾಚೀನ ತಮಿಳು ಪದ್ಯಗಳನ್ನು 1967ರಲ್ಲಿಯೂ, ನಮ್ಮ ಶಿವಶರಣರ ವಚನಗಳನ್ನು 1973ರಲ್ಲಿಯೂ ಆಂಗ್ಲ ರೂಪದಲ್ಲಿ ಲೋಕದ ಮುಂದಿಟ್ಟರು. ಕನ್ನಡದಲ್ಲಿ 'ಹೊಕ್ಕುಳಲ್ಲಿ ಹೂವಿಲ್ಲ' ಮೊದಲಾದ ಕವಿತಾಸಂಗ್ರಹಗಳನ್ನು ರಚಿಸಿದರು. 1976ರಲ್ಲಿ ಭಾರತ ಸರ್ಕಾರವು ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು. ಅಡಿಗೆಯ ಮನೆಯ ಕತೆಗಳನ್ನೂ ಅವರು ಮರೆಯಲಿಲ್ಲ. ಹೆಂಗಸರು ಹೇಳುವ ಕತೆಗಳಲ್ಲಿ ಹೆಂಗಸರದೇ ಆದ ಲೋಕದೃಷ್ಟಿಯಿದೆಯೆಂದು ವಿದ್ವಾಂಸರಿಗೆ ತೋರಿಸಿಕೊಟ್ಟರು. ಅವರು ತಾಯ್ನಾಡಿಗೆ ಮರಳಿ ನೆಲೆಸಲಿಲ್ಲವೆಂಬುದು ನಿಜ. 1993ನೆಯ ಇಸವಿ ಜುಲೈ 13ರಂದು ಚಿಕಾಗೋ ನಗರದಲ್ಲಿಯೇ ಅವರು ಕಾಲವಾದರು. ಆದರೆ ನಾಡಿನ ನುಡಿಗೆ ಅವರು ದೂರವಾಗಿದ್ದರೆಂದು ಯಾರು ಹೇಳಬಲ್ಲರು?

ಇಂದು ಸ್ವಂತ ಖರ್ಚಿನಿಂದ ಅಮೆರಿಕಕ್ಕೆ ಓದಲು ಹೋಗುವವರು ವಿಶ್ವವಿದ್ಯಾನಿಲಯದಿಂದ ಐ-20 ಎಂಬ ಪತ್ರವನ್ನು ಪಡೆದು, ವೀಸಾ ಅಧಿಕಾರಿಯ ಮುಂದೆ ನಿಲ್ಲಬೇಕು. ಈ ವ್ಯಾಸಂಗವೇ ಏಕೆ, ಹಣವನ್ನು ಕೊಡುವವರು ಯಾರು, ಓದು ಮುಗಿದ ಮೇಲೆ ಮಾಡುವುದೇನು ಎಂಬ ಪ್ರಶ್ನೆಗಳು ಅಲ್ಲಿ ಬರುತ್ತವೆ. ವಿಷಯವನ್ನು ಬದಲಿಸಿದ್ದೇ ಅಪರಾಧವೆಂದು ಕಾನೂನು ಹೇಳುವುದಿಲ್ಲ. ಬದಲಾವಣೆಗೆ ಕಾರಣವಿಲ್ಲದಿದ್ದರೆ, ಇಲ್ಲವೆ ಕಾರಣವನ್ನು ಯಾರೋ ಬರೆದುಕೊಟ್ಟು ಬಾಯಿಪಾಠ ಮಾಡಿಸಿದ್ದರೆ, ತೊಡಕು ಅಲ್ಲಿದೆ. ಹೊಸ ವಿಷಯಕ್ಕಾಗಿ ಮೊದಲೇ ಪಟ್ಟ ಶ್ರಮವನ್ನು ತೋರಿಸಬಲ್ಲವಳ ಮಾತಿಗೆ ತೂಕವುಂಟು. ರಾಮಾನುಜನ್‌ರವರಿಗೂ ಗಾದೆಗಳ ಪುಸ್ತಕವೂ ಪುಣೆಯ ವ್ಯಾಸಂಗವೂ ಹಳೆಯ ದಡದಿಂದ ಹೊಸ ದಡಕ್ಕೆ ಸೇತುವೆಯಾಗಿದ್ದವಲ್ಲವೆ?

ಯಜಮಾನನು ಕೊಟ್ಟ ತಲಾಂತನ್ನು ಮಣ್ಣಿನಲ್ಲಿ ಹೂಳಿಟ್ಟ ಆಳಿನ ಸಾಮ್ಯವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಪ್ರಾರ್ಥನಾ ಸಮಯದಲ್ಲಿ ಕೇಳಿದವರೇ. ತನಗೆ ದೊರೆತ ತಲಾಂತು ಯಾವುದೆಂದು ತಡವಾಗಿ ಅರಿತವಳೂ ಅದನ್ನು ಅಗೆದು ತೆಗೆಯಲಿ. ಹಾಗೆ ತೆಗೆಯುವ ಮಗಳ ಕೈಯನ್ನು, ಆ ಗಣಿತದ ಪ್ರಾಧ್ಯಾಪಕರಂತೆ, ತಂದೆತಾಯಿಗಳು ತಡೆಯದೆ ಹಿಡಿದು ನಡೆಸಲೆಂಬುದೇ ನಮ್ಮ ಪ್ರಾರ್ಥನೆ.