ಶ್ರೀ ಕೃಷ್ಣದೇವರಾಯನೂ ಅವನನ್ನು ತಿದ್ದಿದವರೂ

ಹೊಸಪೇಟೆಯ ಹಳೆಯ ಹೆಸರು ನಾಗಲಾಪುರ. ಶ್ರೀ ಕೃಷ್ಣದೇವರಾಯನು ತನ್ನ ತಾಯಿ ನಾಗಲಾದೇವಿಯ ಹೆಸರಿನಿಂದ ಈ ಊರನ್ನು ಕಟ್ಟಿಸಿದನೆಂಬದು ಇಲ್ಲಿಯ ಜನರ ನಂಬುಗೆ. ಇಲ್ಲಿಂದ ಹಂಪೆಯ ದಾರಿ ಹಿಡಿದು ತುಸು ನಡೆದರೆ ಅನಂತಶಯನಗುಡಿ ಸಿಕ್ಕುವದು. 1524ರಲ್ಲಿ ಅದೇ ಅರಸನು ತನ್ನ ಮಗ ತಿರುಮಲರಾಯನ ಹೆಸರಿನಿಂದ ಸಾಲೆ ತಿರುಮಲ ಮಹಾರಾಯಪುರವೆಂಬ ಪೇಟೆಯನ್ನು ಅಲ್ಲಿ ನೆಲೆಗೊಳಿಸಿ ದೇವಾಲಯವನ್ನು ಕಟ್ಟಿಸಿದನು. ದೇವಾಲಯವು ಇಂದಿಗೂ ನಿಂತಿರುವದು, ಗರ್ಭಗುಡಿಯಲ್ಲಿ ಮೂರ್ತಿಯಿಲ್ಲ. ತಾಯಿಯ ಊರಿಗೂ ಮಗನ ಊರಿಗೂ ನಡುವೆ ಒಂದು ಹರದಾರಿಯ ಅಂತರವೂ ಇಲ್ಲ. ಆದರೆ ಆ ಅಲ್ಪ ಅಂತರದಲ್ಲಿ ಒಬ್ಬ ಮಹಾಪುರುಷನ ಉನ್ನತಿಯೂ ದುಃಖವೂ ಅಡಗಿರುವವು.

ಮಹಾಪುರುಷರ ಚರಿತ್ರೆಯನ್ನು ಹೇಳುವಾಗ ಅವರು ಹುಟ್ಟುತ್ತಲೇ ಮಹಾಪುರುಷರಾಗಿದ್ದರೆಂದು ಹೇಳಿಬಿಡುವದು ನಮ್ಮಲ್ಲಿ ರೂಢಿಯಾಗಿದೆ. ಇದರಿಂದ ಅವರಿಗೆ ಪೂಜೆ ಸಲ್ಲುವದೇ ಹೊರತು ನಮಗೆ ಪಾಠವೇನೂ ದೊರೆಯುವದಿಲ್ಲ. ಮನುಷ್ಯನು ತಾಯಿಯ ಮಡಿಲಿನಿಂದ ಮೊದಲ್ಗೊಂಡು ಕೊನೆಯುಸಿರಿನವರೆಗೆ ತನ್ನ ಸುತ್ತಲಿನವರ ಸಹವಾಸದಿಂದ ರೂಪುಗೊಳ್ಳುತ್ತಲೇ ಇರುವನು. ಇಂದಿನ ಸಮಾಜಶಾಸ್ತ್ರಜ್ಞರು ಇದನ್ನು ಸಾಮಾಜೀಕರಣವೆಂದು ಕರೆಯುವರು. ನಮ್ಮ ಹಿರಿಯರು ಸಂಸ್ಕಾರವೆಂದರು. ಅದು ಬಾಲ್ಯದಲ್ಲಿಯೇ ಮುಗಿದುಹೋಗುವ ಕೆಲಸವಲ್ಲವೆಂಬದಕ್ಕೆ ಕೃಷ್ಣದೇವರಾಯನ ಜೀವಿತವು ಸ್ಪಷ್ಟವಾದ ನಿದರ್ಶನವಾಗಿದೆ.

ಅವನು ಹುಟ್ಟಿದ್ದು ಅರಸನ ಮನೆಯಲ್ಲಲ್ಲ, ದಂಡನಾಯಕನ ಮನೆಯಲ್ಲಿ. ತಂದೆ ತುಳುವ ನರಸನಾಯಕನು ಸಾಳುವ ನರಸಿಂಹನ ಸೇನಾಪತಿಯಾಗಿದ್ದನು. ಒಡೆಯನು 1491ರಲ್ಲಿ ತೀರಿಕೊಂಡ ಮೇಲೆ ಅವನ ಎಳೆಯ ಮಕ್ಕಳ ಹೆಸರಿನಲ್ಲಿ ರಾಜ್ಯವನ್ನು ನಡೆಯಿಸಿದನು. 1503ರಲ್ಲಿ ನರಸನಾಯಕನೂ ತೀರಿಕೊಂಡನು. ಹಿರಿಯ ಮಗನಾದ ವೀರನರಸಿಂಹನು ತಂದೆಯ ಅಧಿಕಾರವನ್ನು ವಹಿಸಿಕೊಂಡು, ಎರಡು ವರ್ಷಗಳೊಳಗೆ ಸಾಳುವ ವಂಶವನ್ನೇ ಕಡೆಗಾಣಿಸಿ ತಾನೇ ಸಿಂಹಾಸನವನ್ನೇರಿದನು. ಬೇರೊಬ್ಬ ತಾಯಿಯ ಮಗನಾದ ಕೃಷ್ಣರಾಯನು ಇದೆಲ್ಲವನ್ನೂ ಕಣ್ಣಾರೆ ಕಂಡು ಬೆಳೆದನು. ದಂಡಿನ ಶಿಸ್ತನ್ನೂ ಆಡಳಿತದ ಜವಾಬುದಾರಿಯನ್ನೂ ಆ ಮನೆಯು ಅವನಿಗೆ ಕಲಿಸಿತು. ಅಧಿಕಾರಕ್ಕಾಗಿ ನಡೆಯುವ ಒಳಸಂಚುಗಳ ಭಯವನ್ನೂ ಅದೇ ಮನೆಯು ಕಲಿಸಿತು. ಮಕ್ಕಳು ನಾವು ಹೇಳಿಕೊಟ್ಟದ್ದನ್ನು ಮಾತ್ರ ಕಲಿಯುವರೆಂದು ತಿಳಿಯುವದು ತಪ್ಪು. ನಾವು ಮಾಡಿದ್ದನ್ನೂ ಅವರು ಕಲಿಯುವರು.

ಮುಂದೆ ಈ ತರುಣನಿಗೆ ತಂದೆಯ ಸ್ಥಾನದಲ್ಲಿ ನಿಂತವನು ಮಂತ್ರಿ ಸಾಳುವ ತಿಮ್ಮರಸನು. ರಾಯನ ಮರಣಾನಂತರ ಕೆಲವು ವರ್ಷಗಳಲ್ಲಿ ವಿಜಯನಗರದಲ್ಲಿದ್ದ ಪೋರ್ತುಗೀಜ ಕುದುರೆ ವ್ಯಾಪಾರಿ ನೂನಿಜನು ತಾನು ಕೇಳಿದ ವೃತ್ತಾಂತವೊಂದನ್ನು ಬರೆದಿಟ್ಟಿರುವನು. ವೀರನರಸಿಂಹನು ಮರಣಶಯ್ಯೆಯಲ್ಲಿದ್ದಾಗ ಎಂಟು ವರ್ಷದ ತನ್ನ ಮಗನಿಗೆ ಪಟ್ಟವಾಗಬೇಕೆಂದು ಬಯಸಿ, ತಮ್ಮನ ಕಣ್ಣುಗಳನ್ನು ಕೀಳಿಸಿ ತಂದು ತೋರಿಸಬೇಕೆಂದು ತಿಮ್ಮರಸನಿಗೆ ಆಜ್ಞಾಪಿಸಿದನಂತೆ. ತಿಮ್ಮರಸನು ಕೃಷ್ಣರಾಯನನ್ನು ಮರೆಯಲ್ಲಿಟ್ಟು, ಆಡಿನ ಕಣ್ಣುಗಳನ್ನು ತಂದು ತೋರಿಸಿದನಂತೆ. 1509ರಲ್ಲಿ ಅಣ್ಣನು ತೀರಿಕೊಳ್ಳಲು ಕೃಷ್ಣರಾಯನು ದೊರೆಯಾದನು. ಮಂತ್ರಿಯನ್ನು ಅವನು ಅಪ್ಪಾಜಿಯೆಂದು ಕರೆಯುತ್ತಿದ್ದನೆಂಬದು ಪರಂಪರೆಯಿಂದ ಬಂದ ಮಾತು. ಪಟ್ಟಾಭಿಷೇಕಕ್ಕೆ ಮುಂಚೆ ಅಪ್ಪಾಜಿಯು ಅವನ ಕೆನ್ನೆಗೆ ಹೊಡೆದು, ಮುಂದೆ ಪರರಿಗೆ ಶಿಕ್ಷೆಯನ್ನು ವಿಧಿಸತಕ್ಕವನು ಪೆಟ್ಟಿನ ನೋವನ್ನು ಮೊದಲು ತಾನರಿತಿರಬೇಕೆಂದು ಬೋಧಿಸಿದನೆಂಬ ಕಥೆಯೂ ಪ್ರಚಾರದಲ್ಲಿದೆ. ಇದು ಜನರ ಕಥೆಯೇ ಹೊರತು ಶಾಸನದ ಮಾತಲ್ಲ. ಆದರೂ ಅರಸನನ್ನು ತಿದ್ದುವವನೊಬ್ಬನು ಇರಬೇಕೆಂದು ಜನರು ಬಯಸಿದ್ದರೆಂಬದು ಇದರಿಂದ ತಿಳಿಯುವದು.

ಸುಮಾರು 1520ರಲ್ಲಿ ರಾಜಧಾನಿಯನ್ನು ಕಂಡ ಪಾಯೆಸನೆಂಬ ಇನ್ನೊಬ್ಬ ಪೋರ್ತುಗೀಜನು ರಾಯನ ದಿನಚರಿಯನ್ನು ವರ್ಣಿಸಿರುವನು. ಬೆಳಗಾಗುವದಕ್ಕೆ ಮುಂಚೆಯೇ ಎದ್ದು ಎಳ್ಳೆಣ್ಣೆಯನ್ನು ಕುಡಿದು, ಮೈಗೂ ಎಣ್ಣೆಯನ್ನು ತಿಕ್ಕಿಸಿಕೊಂಡು, ಭಾರವನ್ನೆತ್ತಿ, ಕತ್ತಿಯ ಸಾಧನೆ ಮಾಡಿ, ಜಟ್ಟಿಯೊಡನೆ ಕುಸ್ತಿ ಹಿಡಿದು, ಬಳಿಕ ಕುದುರೆಯೇರಿ ಸವಾರಿ ಮಾಡುವನು. ಸ್ನಾನ ಪೂಜೆಗಳಾದ ಮೇಲೆ ರಾಜಕಾರ್ಯಕ್ಕೆ ಕೂಡುವನು. ಉದಯಗಿರಿಯನ್ನೂ ಕೊಂಡವೀಡನ್ನೂ ಗೆದ್ದು, ರಾಯಚೂರಿನ ಜಯದಿಂದ ದಕ್ಷಿಣದಲ್ಲೆಲ್ಲ ಖ್ಯಾತನಾದ ಚಕ್ರವರ್ತಿಯು ದಂಡಿನ ಮನೆಯಲ್ಲಿ ಮೈಗೂಡಿದ ಕಟ್ಟಳೆಯನ್ನು ಬಿಟ್ಟಿರಲಿಲ್ಲ. ಅದೇ ಪಾಯೆಸನು ಇನ್ನೊಂದನ್ನೂ ಗಮನಿಸಿದನು. ರಾಯನು ಪ್ರಸನ್ನಚಿತ್ತನೂ ನ್ಯಾಯಪರನೂ ಆಗಿದ್ದನು. ಆದರೆ ಅವನಿಗೆ ಥಟ್ಟನೆ ಸಿಟ್ಟೇರುತ್ತಿದ್ದಿತು. ಆ ಕಾಲದಲ್ಲಿ ಅರಮನೆಯಲ್ಲೆಲ್ಲ ತಿಮ್ಮರಸನ ಮಾತೇ ನಡೆಯುತ್ತಿದ್ದಿತೆಂದೂ ಅವನು ಹೇಳುವನು. ಅರಸನ ಸಿಟ್ಟಿನ ಬಳಿಯಲ್ಲಿಯೇ ವೃದ್ಧನ ವಿವೇಕವೂ ಇದ್ದಿತೆಂಬದನ್ನು ನಾವು ಮರೆಯಲಾಗದು.

ಪ್ರಾಯಕ್ಕೆ ಬಂದ ಮೇಲೆ ರಾಯನು ತಾನಾಗಿ ಆರಿಸಿಕೊಂಡ ಸಹವಾಸವೂ ಅಂಥದೇ. ಮಾಧ್ವಯತಿ ವ್ಯಾಸರಾಯರನ್ನು ಅವನು ಗುರುಭಾವದಿಂದ ಗೌರವಿಸಿದನು. ಕನ್ನಡದಲ್ಲಿ ತಿಮ್ಮಣ್ಣಕವಿಯು ಅವನ ಆಶ್ರಯದಲ್ಲಿ ಭಾರತದ ಉಳಿದ ಪರ್ವಗಳನ್ನು ಪೂರೈಸಿದನು. ತೆಲುಗು ಕವಿಗಳ ನಡುವೆ ಕುಳಿತ ಅರಸನು ತಾನೇ ಕವಿಯಾಗಿ ಆಮುಕ್ತಮಾಲ್ಯದವನ್ನು ರಚಿಸಿದನು. ಆ ಕಾವ್ಯದಲ್ಲಿ ಯಾಮುನಾಚಾರ್ಯನು ರಾಜ್ಯವನ್ನು ಬಿಟ್ಟು ಹೊರಡುವಾಗ ಮಗನಿಗೆ ರಾಜನೀತಿಯನ್ನು ಬೋಧಿಸುವನು. ತಾನು ಹಿರಿಯರಿಂದ ಕಲಿತದ್ದನ್ನು ಅರಸನು ಇಲ್ಲಿ ತಂದೆಯೊಬ್ಬನ ಬಾಯಿಂದ ಮಗನಿಗೆ ದಾಟಿಸಿದ್ದಾನೆಂದು ನಮಗೆ ತೋರುವದು.

ಆದರೆ ಅವನ ಸ್ವಂತ ಮಗನಿಗೆ ಆ ಬೋಧೆಯನ್ನು ಕೇಳುವ ಆಯುಷ್ಯವಿರಲಿಲ್ಲ. ಸುಮಾರು 1524ರಲ್ಲಿ, ನೂನಿಜನು ಹೇಳುವಂತೆ, ರಾಯನು ಆರು ವರ್ಷದ ಬಾಲಕನಿಗೆ ಪಟ್ಟಕಟ್ಟಿ ತಾನು ಮಂತ್ರಿಯ ಸ್ಥಾನದಲ್ಲಿ ನಿಂತನು. ಉತ್ಸವಗಳು ಮುಗಿಯುವಷ್ಟರಲ್ಲಿಯೇ ಬಾಲಕನು ರೋಗದಿಂದ ಮಡಿದನು. ತಿಮ್ಮರಸನ ಮಗನು ವಿಷವನ್ನಿಕ್ಕಿದನೆಂದು ಯಾರೋ ಕಿವಿಯಲ್ಲಿ ಊದಿದರು. ಬಾಲ್ಯದಲ್ಲಿ ಕಂಡ ಒಳಸಂಚುಗಳ ಭಯವು ಪುತ್ರಶೋಕದ ವೇಳೆಯಲ್ಲಿ ಮತ್ತೆ ತಲೆಯೆತ್ತಿತೆಂದು ಊಹಿಸಿದರೆ ತಪ್ಪಾಗಲಾರದು. ರಾಯನು ವೃದ್ಧನನ್ನು ತುಂಬಿದ ಸಭೆಗೆ ಕರೆಯಿಸಿ, ತಪ್ಪನ್ನು ಹೊರಿಸಿ, ಮಕ್ಕಳೊಡನೆ ಸೆರೆಯಲ್ಲಿಟ್ಟನು. ಕೆಲವು ಕಾಲದ ಮೇಲೆ ಒಬ್ಬ ಮಗನು ತಪ್ಪಿಸಿಕೊಂಡು ದಂಗೆಯೆದ್ದು ಸಿಕ್ಕಿಬೀಳಲು, ತಂದೆಮಕ್ಕಳೆಲ್ಲರ ಕಣ್ಣುಗಳನ್ನು ಕೀಳಿಸಿದನು. ಹಿಂದೆ ತನ್ನ ಕಣ್ಣುಗಳನ್ನು ಉಳಿಸಿದ್ದನೆಂದು ಹೇಳಲಾದವನ ಕಣ್ಣುಗಳು ತನ್ನ ಆಜ್ಞೆಯಿಂದಲೇ ಹೋದವು. ಸಿಟ್ಟು ಹಳೆಯದೇ; ಅದನ್ನು ತಡೆಯುತ್ತಿದ್ದ ಕೈ ಮಾತ್ರ ಈಗ ಸೆರೆಯಲ್ಲಿದ್ದಿತು.

1529ರಲ್ಲಿ ರಾಯನು ತೀರಿಕೊಂಡನು. ಪಟ್ಟವು ಮಲಸೋದರನಾದ ಅಚ್ಯುತರಾಯನಿಗೆ ಸಂದಿತು. ಅಳಿಯ ರಾಮರಾಯನು ಅಧಿಕಾರಕ್ಕಾಗಿ ಪ್ರತಿಕಕ್ಷಿಯಾಗಿ ನಿಂತನು. ಮುಂದಿನ ಒಳಜಗಳಗಳನ್ನು ಚರಿತ್ರೆಯನ್ನೋದಿದ ವಾಚಕರು ಬಲ್ಲರು.

ಕೃಷ್ಣದೇವರಾಯನ ಕೀರ್ತಿಗೆ ಕುಂದು ತರುವ ಉದ್ದೇಶದಿಂದ ನಾವು ಇದನ್ನು ಬರೆಯಲಿಲ್ಲ. ಅಷ್ಟು ದೊಡ್ಡವನಿಗೂ ತಿದ್ದುವವರು ಬೇಕಾಗಿದ್ದರೆಂಬದೂ, ನಡುವಯಸ್ಸಿನಲ್ಲಿ ಅವರನ್ನು ಕಳೆದುಕೊಂಡಾಗ ಅವನು ತನ್ನನ್ನೇ ಕಳೆದುಕೊಂಡನೆಂಬದೂ ನಮಗೆ ಮುಖ್ಯ. 2021ರಲ್ಲಿ ಹೊಸಪೇಟೆಯು ವಿಜಯನಗರವೆಂಬ ಹೆಸರಿನ ಜಿಲ್ಲೆಗೆ ಮುಖ್ಯಸ್ಥಳವಾಯಿತು. ಆ ಹೆಸರಿನ ಅಭಿಮಾನವು ಉತ್ಸವಗಳಲ್ಲಿಯೇ ಮುಗಿಯಬಾರದು. ಕಚೇರಿಯ ಕುರ್ಚಿಯನ್ನೇರಿದ ಅಧಿಕಾರಿಯೂ ಪೇಟೆಯ ಗೃಹಸ್ಥನೂ ತಮ್ಮ ವಿದ್ಯಾಭ್ಯಾಸವು ಮುಗಿಯಿತೆಂದು ತಿಳಿಯದೆ, ತಮ್ಮ ಮುಂದೆ ತಪ್ಪನ್ನು ತಪ್ಪೆಂದು ಹೇಳಬಲ್ಲವರು ಇನ್ನೂ ಎಷ್ಟು ಮಂದಿ ಉಳಿದಿರುವರೆಂದು ಎಣಿಸಿಕೊಳ್ಳಲಿ. ಕಂಪಲಿ, ಸಂಡೂರುಗಳಲ್ಲಿಯೂ ವಡ್ಡುವಿನಂತಹ ಹಳ್ಳಿಗಳಲ್ಲಿಯೂ ಮಕ್ಕಳನ್ನು ಬೆಳೆಯಿಸುವ ತಾಯಿತಂದೆಗಳು ಮನೆಯಲ್ಲಿ ನಡೆಯುವದೆಲ್ಲವೂ ಪಾಠವೇ ಎಂದು ನೆನೆಯಲಿ. ಅನಂತಶಯನಗುಡಿಯ ಬರಿದಾದ ಗರ್ಭಗುಡಿಯನ್ನು ನೋಡುವವರು ಆ ಬಾಲಕನ ಜತೆಗೆ, ಕಣ್ಣಿಲ್ಲದೆ ಸೆರೆಯಲ್ಲಿ ಕುಳಿತ ವೃದ್ಧನನ್ನೂ ಒಂದು ಸಲ ಸ್ಮರಿಸುವದು ಯುಕ್ತವಾಗಿದೆ.