ಸಂಗೀತ ವಿದ್ವಾನ್ ಮೈಸೂರು ವಾಸುದೇವಾಚಾರ್ಯರು

ಊರು ಬಿಟ್ಟವನು ಊರಿಗೆ ಎರವಾದನೆಂಬ ಮಾತು ಗಾಂಧಿಬಾಗಿನಲ್ಲಿ ನೆಲೆಸಿರುವ ನಮ್ಮವರ ಕಿವಿಗೆ ಹೊಸದಲ್ಲ. ಆ ಮಾತು ಮನಸ್ಸನ್ನು ನೋಯಿಸಿದಾಗ ವಾಚಕರು ವಾಸುದೇವಾಚಾರ್ಯರ ಜೀವನವನ್ನು ಸ್ಮರಿಸಬೇಕು.

1865ರ ಮೇ 28ರಂದು ಮೈಸೂರಿನಲ್ಲಿ ಜನಿಸಿದ ಆಚಾರ್ಯರು ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡು ಮಾತಾಮಹರ ಆಶ್ರಯದಲ್ಲಿ ಬೆಳೆದರು. ಮಹಾರಾಜರ ಪಾಠಶಾಲೆಯಲ್ಲಿ ಸಂಸ್ಕೃತವನ್ನೂ, ವೀಣೆ ಪದ್ಮನಾಭಯ್ಯನವರಲ್ಲಿ ಸಂಗೀತವನ್ನೂ ಅಭ್ಯಾಸಮಾಡಿದರು. ಚಾಮರಾಜೇಂದ್ರ ಒಡೆಯರು ಈ ತರುಣನ ಪ್ರತಿಭೆಯನ್ನು ಮೆಚ್ಚಿ, ವೇತನವನ್ನು ಗೊತ್ತುಮಾಡಿ, ತಿರುವಯ್ಯಾರಿನ ಪಟ್ಣಂ ಸುಬ್ರಹ್ಮಣ್ಯ ಅಯ್ಯರವರಲ್ಲಿಗೆ ಕಳುಹಿಸಿದರು. ಅಯ್ಯರವರು ತ್ಯಾಗರಾಜರ ಶಿಷ್ಯಪರಂಪರೆಗೆ ಸೇರಿದವರು. ಪರಭಾಷೆಯ ನಾಡಿನಲ್ಲಿ, ಗುರುಸೇವೆ ಮಾಡುತ್ತ, ಆಚಾರ್ಯರು ವಿದ್ಯೆಯನ್ನು ಸಂಪಾದಿಸಿದರು.

ಮೈಸೂರಿಗೆ ಮರಳಿ ಆಸ್ಥಾನ ವಿದ್ವಾಂಸರಾದ ಮೇಲೆ ಅವರು ‘ವಾಸುದೇವ’ ಎಂಬ ಅಂಕಿತದಲ್ಲಿ ಸುಮಾರು 200 ಕೃತಿಗಳನ್ನು ರಚಿಸಿದರು. ಖಮಾಚ್ ರಾಗದ ‘ಬ್ರೋಚೇವಾರೆವರುರಾ’ ಎಂಬ ಕೃತಿಯೂ, ಅದರ ಚಿಟ್ಟೆಸ್ವರವೂ ಕಚೇರಿಗಳಲ್ಲಿ ಇಂದಿಗೂ ಜನಪ್ರಿಯವಾಗಿವೆ.

ಈ ಕೃತಿಗಳಲ್ಲಿ ಬಹುಪಾಲು ತೆಲುಗು ಮತ್ತು ಸಂಸ್ಕೃತದಲ್ಲಿವೆಯೆಂದು ಕೆಲವರಿಗೆ ಕೊರಗು. ತಮಿಳುನಾಡಿನಲ್ಲಿ ಬಾಳಿದ ತ್ಯಾಗರಾಜರು ತೆಲುಗಿನಲ್ಲಿ ಹಾಡಿದುದರಿಂದ ತಮಿಳರು ಅವರನ್ನು ಹೊರಗಿನವರೆಂದು ಎಣಿಸಲಿಲ್ಲ. ಮೇಲಾಗಿ, ತಮ್ಮ ಬಾಳಿನ ಅನುಭವಗಳನ್ನೂ, ತಾವು ಕಂಡ ಸಂಗೀತಗಾರರ ಚರಿತ್ರೆಯನ್ನೂ ಬರೆದಿಡಲು ಆಚಾರ್ಯರು ಆರಿಸಿಕೊಂಡದ್ದು ಕನ್ನಡವನ್ನೇ. ‘ನೆನಪುಗಳು’ ಮತ್ತು ‘ನಾ ಕಂಡ ಕಲಾವಿದರು’ ಎಂಬ ಗ್ರಂಥಗಳು ಇದಕ್ಕೆ ಸಾಕ್ಷಿ.

ಎಂಬತ್ತೈದು ದಾಟಿದ ಮೇಲೆ, ಮನೆಯಲ್ಲಿ ವಿಶ್ರಮಿಸಬೇಕಾದ ವಯಸ್ಸಿನಲ್ಲಿ, ಅವರು ಎರಡನೆಯ ಸಲ ಊರು ಬಿಟ್ಟರು. ರುಕ್ಮಿಣೀದೇವಿಯವರ ಆಹ್ವಾನವನ್ನು ಮನ್ನಿಸಿ ಮದರಾಸಿನ ಕಲಾಕ್ಷೇತ್ರಕ್ಕೆ ತೆರಳಿ, ಶಿಷ್ಯರಿಗೆ ಪಾಠ ಹೇಳುತ್ತ, ವಾಲ್ಮೀಕಿ ರಾಮಾಯಣದ ನೃತ್ಯನಾಟಕಗಳಿಗೆ ಸಂಗೀತವನ್ನು ಅಳವಡಿಸಿದರು. ಮೊದಲನೆಯದಾದ ‘ಸೀತಾಸ್ವಯಂವರ’ವು 1955ರಲ್ಲಿ ರಂಗವನ್ನೇರಿತು. 1959ರಲ್ಲಿ ಭಾರತ ಸರ್ಕಾರವು ಪದ್ಮಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು. 1961ರ ಮೇ 17ರಂದು ಆಚಾರ್ಯರು ದಿವಂಗತರಾದಾಗ ರಾಮಾಯಣದ ಕಾರ್ಯ ಮುಗಿದಿರಲಿಲ್ಲ. ಮೊಮ್ಮಗ ಎಸ್. ರಾಜಾರಾಮರು ಅದನ್ನು ಪೂರೈಸಿದರು.

ಮೊದಲು ವಿದ್ಯೆಗಾಗಿ, ಬಳಿಕ ವಿದ್ಯಾದಾನಕ್ಕಾಗಿ ಊರು ಬಿಟ್ಟ ಈ ಹಿರಿಯರನ್ನು ಜಗತ್ತು ಇಂದಿಗೂ ಮೈಸೂರು ವಾಸುದೇವಾಚಾರ್ಯರೆಂದೇ ಕರೆಯುತ್ತದೆ. ಪರಸ್ಥಳದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಅವರ ಒಂದು ಕೃತಿಯನ್ನಾದರೂ ಕಲಿಸುವುದು ನಮ್ಮ ಕರ್ತವ್ಯ.